ಬಲಪಂಥೀಯ ಪಾಪ್ಯುಲಿಸಂಗೆ ಒಂದು ಆರ್ಥಿಕ ಸಿದ್ಧಾಂತ ಅಂತ ಇದೆಯಾ?

ಕುತೂಹಲಿ:
ಪಾಪ್ಯುಲಿಸಂ ಅಂದರೆ ನಾವು ಸಾಮಾನ್ಯ ದುಡಿಯುವ ಜನರ ಪರ, ಮೇಲಿನ ಗಣ್ಯರ ವಿರುದ್ಧ ಅನ್ನುವ ರಾಜಕಾರಣ. ಬಲಪಂಥ ಅಂದರೆ ಕಡಿಮೆ ತೆರಿಗೆ, ಮುಕ್ತ ವ್ಯಾಪಾರ, ಸರ್ಕಾರದ ಕೈವಾಡ ಕಡಿಮೆ ಅಂತಲೇ ಓದಿಕೊಂಡು ಬಂದಿದ್ದೇನೆ. ಆದರೆ ಟ್ರಂಪ್ 2018ರಲ್ಲಿ ಆಮದು ಉಕ್ಕಿನ ಮೇಲೆ ಶೇ 25ರಷ್ಟು ಸುಂಕ ಹಾಕಿದರು. ಪೋಲೆಂಡ್‌ನ ಲಾ ಅಂಡ್ ಜಸ್ಟಿಸ್ ಪಕ್ಷ 2016ರಲ್ಲಿ ಎರಡನೇ ಮಗುವಿನಿಂದ ಹಿಡಿದು ಪ್ರತಿ ಮಗುವಿಗೂ ತಿಂಗಳಿಗೆ 500 ಜ್ಲೋಟಿ (ಅಲ್ಲಿನ ಹಣ) ಕೊಡಲು ಶುರು ಮಾಡಿತು, ಆಮೇಲೆ ನಿವೃತ್ತಿ ವಯಸ್ಸನ್ನೂ ಇಳಿಸಿತು. ಅತ್ತ ಅರ್ಜೆಂಟೀನಾದ ಅಧ್ಯಕ್ಷ ಮಿಲೇ ನೋಡಿದರೆ ಸರ್ಕಾರದ ಖರ್ಚನ್ನೇ ಕತ್ತರಿಸುತ್ತಾರೆ. ಇವರನ್ನೆಲ್ಲ ಒಂದೇ ಗುಂಪಿಗೆ ಸೇರಿಸೋದು ಸರಿನಾ?

ಹಳೇಓದುಗ:
ಸಿದ್ಧಾಂತ ಹುಡುಕಿದರೆ ಸಿಗುವುದಿಲ್ಲ. ಫ್ರಾನ್ಸ್ ನೋಡಿ. 1980ರ ದಶಕದಲ್ಲಿ ಅಲ್ಲಿನ ಬಲಪಂಥೀಯ ನ್ಯಾಷನಲ್ ಫ್ರಂಟ್ ಪಕ್ಷದ ನಾಯಕ, ಅಪ್ಪ ಲೆ ಪೆನ್, ಅಮೆರಿಕದ ಅಧ್ಯಕ್ಷ ರೇಗನ್‌ರನ್ನು ಹೊಗಳುತ್ತಾ ಆದಾಯ ತೆರಿಗೆಯೇ ಬೇಡ ಅನ್ನುತ್ತಿದ್ದರು. ಅದೇ ಪಕ್ಷದ ನಾಯಕಿಯಾದ ಮಗಳು ಮರೀನ್ 2017ರ ಚುನಾವಣೆಯಲ್ಲಿ 60ಕ್ಕೇ ನಿವೃತ್ತಿ ಬೇಕು ಅಂದರು. ಬದಲಾಗದೆ ಉಳಿದದ್ದು ಒಂದೇ, ಸವಲತ್ತು ಮೊದಲು ನಮ್ಮವರಿಗೆ, ವಲಸಿಗರಿಗೆ ಅಲ್ಲ ಅನ್ನೋದು. ಅಂದರೆ ಇವರಿಗೆ ಮೊದಲ ಪ್ರಶ್ನೆ ಎಷ್ಟು ಕೊಡಬೇಕು ಅನ್ನೋದಲ್ಲ, ಯಾರಿಗೆ ಕೊಡಬೇಕು ಅನ್ನೋದು. ದುಡಿಯುವವರು ಒಂದು ಕಡೆ, ಅವರ ದುಡಿಮೆ ತಿನ್ನುವವರು ಇನ್ನೊಂದು ಕಡೆ. ಆ ತಿನ್ನುವವರ ಜಾಗದಲ್ಲಿ ಮರೀನ್ ವಲಸಿಗರನ್ನು ಇಟ್ಟರೆ ಮಿಲೇ ರಾಜಕಾರಣಿಗಳನ್ನು ಇಡುತ್ತಾರೆ, ಅಷ್ಟೇ ವ್ಯತ್ಯಾಸ.

ಲೆಕ್ಕಪತ್ರ:
ಹೌದು, ಆದರೆ ಮಾತಿಗಿಂತ ತೆರಿಗೆ ಪಟ್ಟಿ ನೋಡಿ ಅಂತೀನಿ ನಾನು. ಹಂಗೇರಿಯಲ್ಲಿ ಆಗಿನ ಬಲಪಂಥೀಯ ಪ್ರಧಾನಿ ಓರ್ಬಾನ್ 2010ರಲ್ಲಿ ಬ್ಯಾಂಕ್‌ಗಳ ಮೇಲೆ ವಿಶೇಷ ತೆರಿಗೆ ಹಾಕಿದರು. ಅಲ್ಲಿನ ಬ್ಯಾಂಕ್‌ಗಳಲ್ಲಿ ಹೆಚ್ಚಿನವು ಆಗ ವಿದೇಶಿಯರ ಕೈಯಲ್ಲಿದ್ದವು, ಹಾಗಾಗಿ ಜನರಿಗೆ ಇದು ಹಿಡಿಸಿತು. ಆದರೆ ಮರುವರ್ಷವೇ ಎಲ್ಲರಿಗೂ ಒಂದೇ ದರದ ಆದಾಯ ತೆರಿಗೆ ಬಂತು, ಶೇ 16. ಜಾಸ್ತಿ ಸಂಬಳದವರಿಗೆ ಭಾರಿ ಲಾಭ. ನಿರುದ್ಯೋಗ ಭತ್ಯೆಯನ್ನು ಮೂರು ತಿಂಗಳಿಗೆ ಇಳಿಸಿದರು. 2012ರಲ್ಲಿ ವ್ಯಾಟ್ ಶೇ 27ಕ್ಕೆ ಏರಿತು, ಇಡೀ ಯುರೋಪಿಯನ್ ಒಕ್ಕೂಟದಲ್ಲೇ ಅತಿ ಹೆಚ್ಚು. ವ್ಯಾಟ್ ಅಂದರೆ ಬಡವರೂ ಸಾಮಾನು ಕೊಂಡಾಗಲೆಲ್ಲ ಕಟ್ಟುವ ತೆರಿಗೆ ಅಲ್ವಾ? 2017ರಲ್ಲಿ ಕಂಪನಿ ತೆರಿಗೆ ಶೇ 9ಕ್ಕೆ ಇಳಿಯಿತು. ಮರುವರ್ಷ ತಂದ ಕಾನೂನಿನಲ್ಲಿ ಮಾಲೀಕರು ವರ್ಷಕ್ಕೆ 400 ಗಂಟೆ ಓವರ್‌ಟೈಮ್ ಕೇಳಬಹುದಾಯಿತು, ಆಗ ಕಾರ್ಮಿಕರು ಬೀದಿಗಿಳಿದರು. ಶ್ರಮಿಕರ ಪರ ಅಂತ ಇದನ್ನು ಹೇಗೆ ಕರೆಯೋದು, ನನಗಂತೂ ಒಪ್ಪಲು ಆಗುವುದಿಲ್ಲ.

ಉಕ್ಕಿನೂರು:
ಲೆಕ್ಕಪತ್ರ ಅವರೇ, ನಿಮ್ಮ ಅಂಕಿ ಸರಿ. ಆದರೆ ವೋಟು ಹಾಕಿದವರನ್ನು ಸುಮ್ನೆ ಮೋಸ ಹೋದವರು ಅಂದುಬಿಡಬೇಡಿ. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಅಮೆರಿಕದ ಎಷ್ಟೋ ಕಾರ್ಖಾನೆ ಊರುಗಳು ನೆಲಕಚ್ಚಿದವು. ಒಟ್ಟು ದೇಶಕ್ಕೆ ಲಾಭ ಅಂದರು, ಆದರೆ ಕೆಲಸ ಹೋದವರಿಗೆ ಆ ಲಾಭದಲ್ಲಿ ಪಾಲು ಕೊಡಲಿಲ್ಲ. ಎರಡೂ ದೊಡ್ಡ ಪಕ್ಷಗಳು ಬೇರೆ ದಾರಿ ಇಲ್ಲ ಅನ್ನುತ್ತಿದ್ದಾಗ ನಿಮ್ಮ ನಷ್ಟ ನಿಜ ಅಂತ ಹೇಳಿದವರ ಕಡೆ ಜನ ಹೋದರು.

ಸುಂಕದಿಂದ ಪರಿಹಾರ ಸಿಕ್ಕಿತಾ ಅನ್ನೋದು ಬೇರೆ ಮಾತು. ಸುಂಕ ಕಟ್ಟುವುದು ಆಮದು ಮಾಡುವ ಅಮೆರಿಕದ ಕಂಪನಿಯೇ. ಟ್ರಂಪ್ ಚೀನಾದ ಸಾಮಾನಿನ ಮೇಲೂ ಸುಂಕ ಹಾಕಿದಾಗ ಚೀನಾ ತಿರುಗಿ ಅಮೆರಿಕದ ಸೋಯಾಬೀನ್ ಮೇಲೆ ಸುಂಕ ಹಾಕಿತು, ರೈತರಿಗೆ ಸರ್ಕಾರವೇ ಸಾವಿರಾರು ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು.

ಕುತೂಹಲಿ:
ಎಲ್ಲರಿಗೂ ಥ್ಯಾಂಕ್ಸ್. ಹಂಗೇರಿಯಲ್ಲಿ ಇಷ್ಟೆಲ್ಲ ಆದ ಮೇಲೂ 2022ರಲ್ಲಿ ಓರ್ಬಾನ್ ಮೂರನೇ ಎರಡರಷ್ಟು ಸೀಟು ಗೆದ್ದರಲ್ಲ, ಅದು ಹೇಗೆ? ಚುನಾವಣೆಗೆ ಮುಂಚೆ ಮಕ್ಕಳಿರುವವರಿಗೆ ಆದಾಯ ತೆರಿಗೆ ವಾಪಸ್ ಕೊಟ್ಟಿದ್ದರು ಅಂತ ಓದಿದ್ದೆ. ಲೆಕ್ಕಪತ್ರ ಅವರು ಇದರ ಬಗ್ಗೆಯೂ ಸ್ವಲ್ಪ ಬರೆಯಿರಿ.