ಅಪ್‌ಡೇಟ್: ನನ್ನ ಸೀಕೋ 6139 ಮತ್ತೆ ಓಡುತ್ತಿದೆ!

ನನ್ನ ಹಳೇ ಸೀಕೋ 6139 ವಾಚಿನ ಕ್ರೊನೊಗ್ರಾಫ್ (ಸ್ಟಾಪ್‌ವಾಚ್) ಮುಳ್ಳು ಸ್ವಲ್ಪ ಓಡಿ ನಿಂತುಬಿಡುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಒಳಗೆ ಎಣ್ಣೆ ಗಟ್ಟಿಯಾಗಿರಬೇಕು, ಬಿಚ್ಚಿಸಿ ಸರ್ವಿಸ್ ಮಾಡಿಸಿ ಎಂದು ಹಲವರು ಹೇಳಿದಿರಿ. ಅದೇ ಆಗಿತ್ತು.

ರಿಪೇರಿಯವರು ರೋಟರ್ (ಕೈ ಅಲ್ಲಾಡಿದಾಗ ತಿರುಗಿ ಕೀ ಕೊಡುವ ಭಾಗ) ತೆಗೆದು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಎಂಥಾ ಕೆಲಸ ಅದು! ಬಟನ್ ಒತ್ತಿದರೆ ಕಾಲಮ್ ವೀಲ್, ಅಂದರೆ ಸ್ಟಾಪ್‌ವಾಚನ್ನು ಶುರು ಮಾಡಿ ನಿಲ್ಲಿಸುವ ಪುಟ್ಟ ಚಕ್ರ, ಟಕ್ ಅಂತ ಒಂದು ಹೆಜ್ಜೆ ತಿರುಗುತ್ತದೆ. ಎರಡೂ ಕಡೆಯ ಲಿವರ್‌ಗಳು ನಡುವಿನ ಕ್ಲಚ್ಚನ್ನು (ಮುಳ್ಳನ್ನು ವಾಚಿನ ಓಟಕ್ಕೆ ಜೋಡಿಸುವ ಭಾಗ) ಬಿಡುತ್ತವೆ, ಅದು ಕೆಳಗಿಳಿದು ಚಕ್ರಕ್ಕೆ ಒತ್ತಿಕೊಳ್ಳುತ್ತದೆ. ಹಲ್ಲಿಗೆ ಹಲ್ಲು ಸಿಕ್ಕಿಸುವ ಕೆಲಸವಿಲ್ಲ. ಹಾಗಾಗಿ ಮುಳ್ಳು ಹೊರಡುವಾಗ ಜಿಗಿಯುವುದೇ ಇಲ್ಲ. ಜಪಾನಿನವರು 1969ರಲ್ಲೇ ಇದನ್ನು ಆಟೋಮ್ಯಾಟಿಕ್ ವಾಚಿನಲ್ಲಿ ಕೂರಿಸಿದ್ದರು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದ ಗಗನಯಾತ್ರಿ ವಿಲಿಯಂ ಪೋಗ್ ಕಟ್ಟಿದ್ದೂ 6139ನ್ನೇ.

ಇದಕ್ಕೆ ಬೇರೆ ಸೆಕೆಂಡ್ ಮುಳ್ಳಿಲ್ಲ ಅಲ್ವಾ? ಸೆಕೆಂಡ್ ನೋಡಲು ಸದಾ ಕ್ರೊನೊಗ್ರಾಫ್ ಓಡಿಸಿಟ್ಟರೂ ಸವೆತ ಜಾಸ್ತಿ ಆಗಲ್ಲ ಅಂದರು ರಿಪೇರಿಯವರು. ಕೈಯಲ್ಲಿ ಕೀ ಕೊಡಲು ಬರಲ್ಲ, ಸುಮ್ನೆ ಅಲ್ಲಾಡಿಸಿ ಕಟ್ಟಬೇಕು. ಕ್ರೌನನ್ನು (ಪಕ್ಕದ ತಿರುಪನ್ನು) ಅರ್ಧ ಒತ್ತಿದರೆ ತಾರೀಖು, ಪೂರ್ತಿ ಒತ್ತಿದರೆ ವಾರ ಬದಲಾಗುತ್ತದೆ.

ಡಯಲ್‌ಗೆ ಕೈ ಹಚ್ಚಿಸಲಿಲ್ಲ. ಮಾಸಿದ ಹಳದಿಯೇ ನನಗಿಷ್ಟ. 30 ನಿಮಿಷದ ಪುಟ್ಟ ಮುಳ್ಳೂ ಈಗ ಸರಿಯಾಗಿ ಸೊನ್ನೆಗೆ ಬರುತ್ತಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.