ಮುತ್ತಜ್ಜನ ಟ್ರಂಕಿನಲ್ಲಿ ಮೂರು ಬಿಲ್ಲೆ ಸಿಕ್ಕಿವೆ, "ಕೆರೆನ ಗುಡ್ಡ" ಎಲ್ಲಿದೆ ಯಾರಿಗಾದರೂ ಗೊತ್ತಾ?

ಹುಕ್ಕೇರಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಹುಕ್ಕೇರಿ ತಾಲೂಕಿನ ಸಣ್ಣ ಊರು. ಹೋದ ತಿಂಗಳು ಹಳೆ ಮನೆ ಕೆಡವುವಾಗ ಅಟ್ಟದ ಮೇಲೆ ಮುತ್ತಜ್ಜನ ತಗಡಿನ ಟ್ರಂಕು ಸಿಕ್ಕಿತು. ಒಳಗೆ ಕಾಲಿಗೆ ಸುತ್ತುವ ಉಣ್ಣೆ ಪಟ್ಟಿ, ಗೆದ್ದಲು ತಿಂದ ಡಿಸ್ಚಾರ್ಜ್ ಕಾಗದ, ಮತ್ತೆ ಒಂದು ಬಟ್ಟೆಯಲ್ಲಿ ಕಟ್ಟಿಟ್ಟ ಮೂರು ಬಿಲ್ಲೆ. ಮೂರೂ ಆರು ಮೂಲೆಯ ನಕ್ಷತ್ರದ ಆಕಾರ, ನಡುವೆ ಕಿರೀಟ. ಸುತ್ತಲೂ ಇಂಗ್ಲಿಷ್ ಅಕ್ಷರ ಇವೆ. ಒಂದರಲ್ಲಿ 1939-1945 ಸ್ಟಾರ್, ಇನ್ನೊಂದರಲ್ಲಿ ಆಫ್ರಿಕಾ ಸ್ಟಾರ್, ಮೂರನೆಯದರಲ್ಲಿ ಇಟಲಿ ಸ್ಟಾರ್. ಕಾಗದದಲ್ಲಿ ನಂಬರು ಅರ್ಧ ಉಳಿದಿದೆ, ಪಕ್ಕದಲ್ಲಿ "3/5" ಅಂತ ಸ್ಪಷ್ಟವಾಗಿ ಕಾಣುತ್ತದೆ.

ಮುತ್ತಜ್ಜ ಮಿಲ್ಟ್ರಿಯಲ್ಲಿ ಇದ್ದರು ಅನ್ನುವುದು ಬಿಟ್ಟರೆ ಮನೆಯಲ್ಲಿ ಯಾರಿಗೂ ಜಾಸ್ತಿ ಗೊತ್ತಿಲ್ಲ. ಅವರು ಹೇಳಲೇ ಇಲ್ಲ. ಅವರು ತೀರಿಕೊಂಡಾಗ ನಮ್ಮ ಅಪ್ಪನಿಗೆ ಹನ್ನೆರಡು ವರ್ಷ. ಅಪ್ಪನಿಗೆ ನೆನಪಿರುವುದು ಎರಡೇ ಮಾತು. ಒಂದು, ರಾತ್ರಿ ಮಲಗುವಾಗ ತಲೆದಿಂಬಿನ ಹತ್ತಿರ ತಂಬಿಗೆ ತುಂಬ ನೀರು ಇರಲೇಬೇಕಿತ್ತು, ಇಲ್ಲದಿದ್ದರೆ ಅವರೇ ಎದ್ದು ಹೋಗಿ ತುಂಬಿಕೊಂಡು ಬರುತ್ತಿದ್ದರು, ಆದರೆ ಬೆಳಗ್ಗೆ ನೋಡಿದರೆ ನೀರು ಹಾಗೇ ಇರುತ್ತಿತ್ತು. ಇನ್ನೊಂದು, ಜ್ವರ ಬಂದಾಗ "ಕೆರೆನ ಗುಡ್ಡ, ಕೆರೆನ ಗುಡ್ಡ" ಅಂತ ಕನವರಿಸುತ್ತಿದ್ದರು. ನಮ್ಮೂರ ಕೆರೆ ಹತ್ತಿರ ಗುಡ್ಡವೇ ಇಲ್ಲ. ಅದು ಯಾವ ಕೆರೆ? ಇವರ ಸರ್ವಿಸ್ ವಿವರ ಈಗ ಎಲ್ಲಾದರೂ ಸಿಗುತ್ತದಾ? ಇನ್ನೊಂದು ಪ್ರಶ್ನೆ, ಬಿಲ್ಲೆಗಳನ್ನು ಹುಣಸೆಹಣ್ಣು ಹಚ್ಚಿ ತೊಳೆಯಬಹುದಾ?

ಮಾಜಿ ಹವಾಲ್ದಾರ್, ಬೆಳಗಾವಿ:
ತಮ್ಮಾ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ತೊಳೆಯಬೇಡ. ಹುಣಸೆಹಣ್ಣೂ ಬೇಡ, ಬೂದಿಯೂ ಬೇಡ. ಒಣ ಬಟ್ಟೆಯಲ್ಲಿ ಒರೆಸಿ, ಬೇರೆ ಬೇರೆ ಕಾಗದದಲ್ಲಿ ಸುತ್ತಿಡು. ರಿಬ್ಬನ್ ಉಳಿದಿದ್ದರೆ ಅದನ್ನು ಒಗೆಯಲೂ ಬೇಡ.

3/5 ಅಂದರೆ ಐದನೇ ಮರಾಠಾ ಲೈಟ್ ಇನ್ಫಂಟ್ರಿಯ ಮೂರನೇ ಬೆಟಾಲಿಯನ್. ನಾನೂ ಅದೇ ರೆಜಿಮೆಂಟಿನಲ್ಲಿ ಇದ್ದವನು, ನಿನ್ನ ಪೋಸ್ಟು ಓದಿ ಸುಮ್ನೆ ಕೂರಲು ಆಗಲಿಲ್ಲ. ನಿಮ್ಮ ಮುತ್ತಜ್ಜ ಹೇಳಿದ್ದು ನೀರಿನ ಕೆರೆ ಅಲ್ಲಪ್ಪ. ಅದು ಕೆರೆನ್. ಎರಿಟ್ರಿಯಾದ ಊರು, ಆಫ್ರಿಕಾದಲ್ಲಿದೆ.

ಎರಡನೇ ಮಹಾಯುದ್ಧದಲ್ಲಿ, 1941ರ ಫೆಬ್ರವರಿಯಿಂದ ಮಾರ್ಚ್ 27ರವರೆಗೆ ಅಲ್ಲಿ ಇಟಲಿಯವರ ಜೊತೆ ಲಡಾಯಿ ನಡೆಯಿತು. ಊರಿಗೆ ಹೋಗುವುದಕ್ಕೆ ಒಂದೇ ಕಣಿವೆ ದಾರಿ, ಅದನ್ನು ಬಂಡೆ ಸಿಡಿಸಿ ಮುಚ್ಚಿದ್ದರು. ಎರಡೂ ಕಡೆ ಕಡಿದಾದ ಗುಡ್ಡ, ನೆತ್ತಿಯ ಮೇಲೆ ಅವರು, ಬುಡದಲ್ಲಿ ನಮ್ಮವರು. ಐದನೇ ಇಂಡಿಯನ್ ಡಿವಿಜನ್ ಜೊತೆ 3/5 ಅಲ್ಲಿ ಹೋರಾಡಿದೆ. ಬರೀ ಕಲ್ಲು ಇರುವ ಕಡೆ ಮೋರ್ಚಾ ತೋಡಲು ಆಗುವುದಿಲ್ಲ. ಕಲ್ಲಿನ ಮೇಲೆ ಕಲ್ಲು ಒಟ್ಟಿ ಮೊಣಕಾಲೆತ್ತರ ಗೋಡೆ ಮಾಡಿಕೊಂಡು ಅದರ ಹಿಂದೆ ಮಲಗಬೇಕು, ಅದಕ್ಕೆ ನಾವು ಸಂಗರ್ ಅನ್ನುತ್ತೇವೆ. ಹಗಲು ಕಲ್ಲು ಕಾದು ಹೆಂಚಿನ ಹಾಗೆ ಆಗುತ್ತದೆ, ತಲೆ ಎತ್ತಿದರೆ ಗುಂಡು. ನೀರು, ಮದ್ದುಗುಂಡು, ಊಟ ಎಲ್ಲವನ್ನೂ ಬುಡದಿಂದ ಮೇಲಕ್ಕೆ ಹೊರಬೇಕು, ಕತ್ತಲಲ್ಲಿ. ಸೊಂಟದಲ್ಲಿ ಇರುವುದು ಒಂದೇ ನೀರಿನ ಬಾಟಲಿ. ಅದನ್ನು ಕುಡಿಯದೆ ಇಟ್ಟುಕೊಂಡರೆ ಮಾತ್ರ ಧೈರ್ಯ. ತಂಬಿಗೆ ಯಾಕೆ ತುಂಬಿಯೇ ಇರುತ್ತಿತ್ತು ಅಂತ ನನಗೆ ಅನ್ನಿಸಿದ್ದು ಇದು, ನಿಮ್ಮ ಅಪ್ಪನಿಗೂ ಹೇಳು.

ಆಮೇಲೆ ಇದೇ ಬೆಟಾಲಿಯನ್ ಇಟಲಿಗೆ ಹೋಯಿತು, ಮೂರನೇ ಬಿಲ್ಲೆ ಅದರದ್ದು. ನಾಯಕ್ ಯಶವಂತ ಘಾಡ್ಗೆ 3/5ರವರೇ. 1944ರ ಜುಲೈ 10ರಂದು ಅವರ ಸೆಕ್ಷನ್ನಿನಲ್ಲಿ, ಅಂದರೆ ಸಣ್ಣ ತುಕಡಿಯಲ್ಲಿ, ಉಳಿದವರೆಲ್ಲ ಸತ್ತು ಅಥವಾ ಗಾಯಗೊಂಡು ಬಿದ್ದ ಮೇಲೆ ಒಬ್ಬರೇ ಮಶೀನ್‌ಗನ್ ಮೇಲೆ ನುಗ್ಗಿದರು. ಮ್ಯಾಗಝೀನ್ ಬದಲಿಸಲು ಹೊತ್ತಿಲ್ಲದೆ ಬಂದೂಕಿನಿಂದಲೇ ಬಡಿದು ಜಾಗ ಹಿಡಿದರು, ಅಲ್ಲೇ ಪ್ರಾಣ ಬಿಟ್ಟರು. ವಿಕ್ಟೋರಿಯಾ ಕ್ರಾಸ್ ಬಂತು, ಬ್ರಿಟಿಷರ ಕಾಲದ ಅತಿ ದೊಡ್ಡ ಶೌರ್ಯ ಪದಕ ಅದು. ನಿಮ್ಮ ಮುತ್ತಜ್ಜ ಅವತ್ತು ಅದೇ ಬೆಟಾಲಿಯನ್ನಿನಲ್ಲೇ ಇದ್ದರು ಅಂತ ಈ ಕಾಗದದಿಂದ ಹೇಳಲು ಬರುವುದಿಲ್ಲ, ಒಂದು ಬೆಟಾಲಿಯನ್ನಿನಿಂದ ಇನ್ನೊಂದಕ್ಕೆ ಕಳಿಸುವುದು ಇತ್ತು.

ವಿವರಕ್ಕೆ ಬೆಳಗಾವಿಯ ನಮ್ಮ ರೆಕಾರ್ಡ್ ಆಫೀಸಿಗೆ ಅರ್ಜಿ ಬರಿ. ನಂಬರು, ಹೆಸರು, ತಂದೆ ಹೆಸರು, ಊರು, ಆಗಿನ ತಾಲೂಕು ಹಾಕು, ಕಾಗದದ ಝೆರಾಕ್ಸ್ ಹಚ್ಚು. ಯುದ್ಧ ಮುಗಿದ ಮೇಲೆ ಪಿಂಚಣಿ ಇಲ್ಲದೆ ಮನೆಗೆ ಬಂದವರ ಪೂರ್ತಿ ಫೈಲು ಸಿಗುವುದು ಕಷ್ಟ, ಆದರೂ ಕೇಳು. ಕ್ಯಾಂಪಿನಲ್ಲಿ ಮ್ಯೂಸಿಯಂ ಇದೆ, ಅಪ್ಪನನ್ನು ಕರೆದುಕೊಂಡು ಬಾ.

ಬಾಗಲಕೋಟೆಯಿಂದ, ಟೀಚರ್:
ನಮ್ಮ ಅಜ್ಜ 2/5ರಲ್ಲಿ ಇದ್ದರು. ಲಡಾಯಿಯ ವಿಷಯ ಅಣ್ಣಾವ್ರು ಚೆನ್ನಾಗಿ ಬರೆದಿದ್ದಾರೆ, ನಾನು ಮನೆಯ ವಿಷಯ ಬರೆಯುತ್ತೇನೆ. 1942ರ ಜೂನ್ 21ಕ್ಕೆ ಲಿಬಿಯಾದ ಟೊಬ್ರುಕ್ ಬಿತ್ತು, ಅಲ್ಲಿದ್ದ 2/5 ಕೂಡ ಸೆರೆಯಾಯಿತು. ಇದೆಲ್ಲ ನಮಗೆ ಆಮೇಲೆ ಗೊತ್ತಾಗಿದ್ದು. ಆಗ ಅಜ್ಜಿಗೆ ಗೊತ್ತಾಗಿದ್ದು ಇಷ್ಟೇ: ಮನಿಯಾರ್ಡರ್ ಜೊತೆ ಬರುತ್ತಿದ್ದ ಪತ್ರ ನಿಂತಿತು. ಆಮೇಲೆ "ನಾಪತ್ತೆ" ಅಂತ ಒಂದು ಕಾಗದ ಬಂತು, ಪೋಸ್ಟ್ ಮಾಸ್ತರರು ಕಟ್ಟೆಯ ಮೇಲೆ ಎಲ್ಲರ ಎದುರೇ ಓದಿದರು. ಅವತ್ತಿನಿಂದ ಊರಿನ ಹಿರಿಯ ಹೆಂಗಸರು ಬಳೆ ತೆಗೆ ಅನ್ನಲು ಶುರು ಮಾಡಿದರು. ಅಜ್ಜಿಗೆ ಹತ್ತೊಂಬತ್ತು ವರ್ಷ. "ಸತ್ತಾನ ಅಂತ ಬರದಿಲ್ಲಲ್ಲ, ನಾಪತ್ತೆ ಅಂತ ಬರದಾರ" ಅಂತ ಹೇಳಿ ದಿನಾ ಕುಂಕುಮ ಹಚ್ಚಿಕೊಂಡೇ ಹೊಲಕ್ಕೆ ಹೋದಳು. ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಯಾರೂ ಜೊತೆಗೆ ಕರೆಯಲಿಲ್ಲ, ಒಬ್ಬಳೇ ಚೆಲ್ಲಿ ಬಂದಳಂತೆ. ಏಳು ತಿಂಗಳ ಮೇಲೆ ಇಟಲಿಯ ಸೆರೆಯಿಂದ ಕಾರ್ಡು ಬಂತು. ಬೇರೆಯವರ ಅಕ್ಷರ, ಎರಡೇ ಸಾಲು, ಕ್ಷೇಮ ಅಂತ.

ಇಂಡಿಯನ್ ಕೈದಿಗಳಿಗೆ ರೆಡ್ ಕ್ರಾಸ್ ಪಾರ್ಸಲಿನಲ್ಲಿ ಗೋಧಿ ಹಿಟ್ಟು, ಬೇಳೆ ಬರುತ್ತಿದ್ದವು. ಅಜ್ಜ ಸೆರೆಯ ಬಗ್ಗೆ ಹೇಳಿದ್ದು ಅದೊಂದೇ. ಪಾರ್ಸಲ್ ಒಡೆದಾಗ ಹಿಟ್ಟಿನ ವಾಸನೆ ನೋಡುತ್ತಾ ಎಷ್ಟೋ ಹೊತ್ತು ಯಾರೂ ಒಲೆ ಹಚ್ಚುತ್ತಿರಲಿಲ್ಲ ಅಂತ. ಹುಕ್ಕೇರಿ ತಮ್ಮಾ, ನಿಮ್ಮ ಕಡೆ ಮುತ್ತಜ್ಜಿಯ ಬಗ್ಗೆಯೂ ಯಾರನ್ನಾದರೂ ಕೇಳು. ಆ ವರ್ಷಗಳಲ್ಲಿ ಹೊಲ ಯಾರು ಮಾಡಿದರು, ಪತ್ರ ಯಾರು ಓದಿ ಹೇಳುತ್ತಿದ್ದರು, ಅದೂ ಅವರ ಸರ್ವಿಸ್ ಅಲ್ವಾ?

ಇಂಡಿ ತಾಲೂಕು:
ಒಂದು ಸೇರಿಸುತ್ತೇನೆ. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಊರಿನ ಸ್ಪೆಲ್ಲಿಂಗ್ ಹೇಗೆ ಬೇಕಾದರೂ ಇರುತ್ತದೆ, ಬಿಜಾಪುರ, ಬೆಲಗಾಂ ಅಂತಲೂ ಹಾಕಿ ನೋಡಿ. ನನ್ನ ಅಮ್ಮನ ಕಡೆ ಹಿರಿಯರೊಬ್ಬರು ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಾಕ್ಕೆ (ಈಗಿನ ಇರಾಕ್) ಹೋಗಿ ಬರಲಿಲ್ಲ. ಬಸ್ರಾದ ಸ್ಮಾರಕದಲ್ಲಿ ಹೆಸರು ಇರುತ್ತದೆ ಅಂದುಕೊಂಡಿದ್ದೆ. ಅದನ್ನು ಕಟ್ಟಿದಾಗ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರು, ನಮ್ಮ ಆಫೀಸರ್‌ಗಳ ಹೆಸರು ಕೆತ್ತಿದರು, ನಮ್ಮ ಸಿಪಾಯಿಗಳದ್ದು ಬರೀ ಲೆಕ್ಕ. ಓದಿದ ದಿನ ತುಂಬಾ ನೋವಾಯಿತು. ಅದಕ್ಕೇ ಹೇಳುತ್ತೇನೆ, ಅರ್ಧ ನಂಬರು ಇರುವ ಆ ಕಾಗದದ ಫೋಟೋ ಇವತ್ತೇ ತೆಗೆದಿಡಿ, ಗೆದ್ದಲು ಉಳಿದದ್ದನ್ನೂ ತಿನ್ನುವ ಮೊದಲು.

ಹುಕ್ಕೇರಿ ಹುಡುಗ:
ಎಲ್ಲರಿಗೂ ಕೈಮುಗಿಯುತ್ತೇನೆ. ಫೋಟೋ ತೆಗೆದೆ. ನಿನ್ನೆ ರಾತ್ರಿ ಅಪ್ಪನಿಗೆ ಹವಾಲ್ದಾರ್ ಕಾಕಾ ಬರೆದಿದ್ದನ್ನು ಓದಿ ಹೇಳಿದೆ, ಮೊಬೈಲಿನಲ್ಲಿ ಕೆರೆನ್ ಗುಡ್ಡಗಳ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಚಿಕ್ಕವರಿದ್ದಾಗ ಒಮ್ಮೆ ಆ ತಂಬಿಗೆಯ ನೀರನ್ನು ತುಳಸಿ ಕಟ್ಟೆಗೆ ಸುರಿದುಬಿಟ್ಟಿದ್ದರಂತೆ, ಮುತ್ತಜ್ಜ ಬೈಯಲಿಲ್ಲವಂತೆ, ಸುಮ್ನೆ ಎದ್ದು ಬಾವಿಗೆ ಹೋದರಂತೆ. ಸೋಮವಾರ ಅರ್ಜಿ ಹಿಡಿದುಕೊಂಡು ಅಪ್ಪ, ನಾನು ಬೆಳಗಾವಿಗೆ ಬರುತ್ತಿದ್ದೇವೆ ಕಾಕಾ.