ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಓವರ್‌ಸೀಸ್ ಫೀ? ಮೂರು ವರ್ಷದ ಲೆಕ್ಕ ಹಿಡಿಯುವುದು ಹೇಗೆ

ತುಂಗಾತೀರ:

ಮನೆಯವರೆಲ್ಲ ಬ್ರಿಟಿಷ್ ಪ್ರಜೆಗಳು, ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿ ಸ್ವಂತ ಮನೆ. 2019ರ ಆಗಸ್ಟ್‌ನಲ್ಲಿ ನನ್ನವರ ಕಂಪನಿ ಎರಡು ವರ್ಷದ ಕರಾರಿನ ಮೇಲೆ ದುಬೈಗೆ ಕಳಿಸಿತು. ಅದು ಮುಗಿದಾಗ ಇನ್ನೆರಡು ವರ್ಷ ಎಂದರು, ಅದೂ ಮುಗಿದ ಮೇಲೆ ನಾಲ್ಕು ತಿಂಗಳು ಎಳೆದರು. ವಾಪಸ್ ಬಂದದ್ದು 2023ರ ಡಿಸೆಂಬರ್ 14ಕ್ಕೆ. ಮನೆ ಮಾರಿಲ್ಲ, ಬಾಡಿಗೆಗೆ ಕೊಟ್ಟಿದ್ದೆವು.

ಮಗಳು 2026ರ ಸೆಪ್ಟೆಂಬರ್‌ಗೆ ಯೂನಿವರ್ಸಿಟಿ ಸೇರಬೇಕು. ಆಫರ್ ಬಂದಿದೆ, ಆದರೆ ಫೀ ಸ್ಟೇಟಸ್ (ಇಲ್ಲಿಯವರ ‘ಹೋಮ್’ ಫೀಯೋ, ಹೊರಗಿನವರ ‘ಓವರ್‌ಸೀಸ್’ ಫೀಯೋ ಎಂಬುದು) ಜಾಗದಲ್ಲಿ ‘ಓವರ್‌ಸೀಸ್’ ಎಂದು ಹಾಕಿ ಒಂದು ಪ್ರಶ್ನಾವಳಿ ಕಳಿಸಿದ್ದಾರೆ. ಪಾಸ್‌ಪೋರ್ಟ್ ಇದೆ, ವರ್ಷಗಟ್ಟಲೆ ತೆರಿಗೆ ಕಟ್ಟಿದ್ದೇವೆ, ಆದರೂ ಯಾಕೆ ಹೀಗೆ? ಸರ್ಕಾರದ ಸ್ಟೂಡೆಂಟ್ ಫೈನಾನ್ಸ್ ಸಾಲವೂ ಸಿಗುವುದಿಲ್ಲವೇ?

ಕಡತವಾಸಿ:

ಮೇಡಂ, ಪಾಸ್‌ಪೋರ್ಟ್ ಮತ್ತು ತೆರಿಗೆ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಪಾಸ್‌ಪೋರ್ಟ್ ಬಾಗಿಲವರೆಗೆ ಕರೆತರುತ್ತದೆ ಅಷ್ಟೇ. ತೆರಿಗೆಗೆ ಇಲ್ಲಿ ಲೆಕ್ಕವೇ ಇಲ್ಲ; ಇಪ್ಪತ್ತು ವರ್ಷ ಕಟ್ಟಿದವರಿಗೂ ಓವರ್‌ಸೀಸ್ ಫೀ ಬಿದ್ದಿದೆ. ಅವರು ನೋಡುವುದು ಕೋರ್ಸಿನ ಮೊದಲ ಶೈಕ್ಷಣಿಕ ವರ್ಷದ ಮೊದಲ ದಿನ, ಮತ್ತು ಅದರ ಹಿಂದಿನ ಮೂರು ಪೂರ್ಣ ವರ್ಷ ಯುಕೆಯಲ್ಲಿ ‘ಆರ್ಡಿನರಿಲಿ ರೆಸಿಡೆಂಟ್’ (ಎಂದಿನಂತೆ ಅಲ್ಲೇ ನೆಲೆಸಿದವರು) ಆಗಿದ್ದಿರಾ ಎಂಬುದು. ಚಾನೆಲ್ ದ್ವೀಪಗಳು, ಐಲ್ ಆಫ್ ಮ್ಯಾನ್ ಕೂಡ ಈ ಲೆಕ್ಕಕ್ಕೆ ಸೇರುತ್ತವೆ.

‘ಮೊದಲ ದಿನ’ ಅಂದರೆ ಕ್ಲಾಸ್ ಶುರುವಾಗುವ ದಿನ ಅಲ್ಲ. ಕೋರ್ಸ್ ಆಗಸ್ಟ್ 1ರಿಂದ ಡಿಸೆಂಬರ್ 31ರ ನಡುವೆ ಯಾವಾಗ ಶುರುವಾದರೂ ಆ ದಿನ ಸೆಪ್ಟೆಂಬರ್ 1. ಜನವರಿಯಿಂದ ಮಾರ್ಚ್ ಒಳಗೆ ಶುರುವಾದರೆ ಜನವರಿ 1.

ನಿಮ್ಮ ಮಗಳಿಗೆ ಹಾಕಿ ನೋಡಿ: 2023ರ ಸೆಪ್ಟೆಂಬರ್ 1ರಿಂದ 2026ರ ಆಗಸ್ಟ್ 31ರವರೆಗೆ. ನೀವು ಬಂದಿಳಿದದ್ದು ಡಿಸೆಂಬರ್ 14. ಮೂರೂವರೆ ತಿಂಗಳು ಕೊರತೆ. ಓವರ್‌ಸೀಸ್ ಎಂದು ಹಾಕಿರುವುದು ಈ ಮೂರೂವರೆ ತಿಂಗಳಿಗೆ, ದುಬೈನ ನಾಲ್ಕು ವರ್ಷಕ್ಕಲ್ಲ.

ಇದನ್ನು ತುಂಬಿಸಲು ದಾರಿ ಇದೆ. ತಂದೆ ಅಥವಾ ತಾಯಿಗೆ ಹೊರದೇಶದಲ್ಲಿ ತಾತ್ಕಾಲಿಕ ಉದ್ಯೋಗ ಇದ್ದ ಕಾರಣಕ್ಕೇ ಮಗು ಹೊರಗಿದ್ದರೆ, ಆ ಕಾಲವನ್ನೂ ಇಲ್ಲೇ ನೆಲೆಸಿದ್ದಂತೆ ಪರಿಗಣಿಸಬೇಕು ಎಂದು ನಿಯಮದಲ್ಲೇ ಇದೆ. ಇಂತಿಷ್ಟು ವರ್ಷ ಮೀರಿದರೆ ತಾತ್ಕಾಲಿಕವಲ್ಲ ಎಂಬ ಗೆರೆ ಎಲ್ಲೂ ಎಳೆದಿಲ್ಲ. ಆದರೆ ವರ್ಷ ಹೆಚ್ಚಾದಷ್ಟೂ ಕಾಗದ ಗಟ್ಟಿ ಇರಬೇಕು.

‘ಆರ್ಡಿನರಿಲಿ ರೆಸಿಡೆಂಟ್’ ಪದಕ್ಕೆ ಅರ್ಥ ಹೇಳಿದ್ದು ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್, 1982ರಲ್ಲಿ, ಶಾ ವಿರುದ್ಧ ಬಾರ್ನೆಟ್ ಪ್ರಕರಣದಲ್ಲಿ. ಅದು ವಿದ್ಯಾರ್ಥಿ ಗ್ರಾಂಟ್ ವಿಚಾರವಾಗಿಯೇ ನಡೆದ ಕೇಸು. ಸ್ವಇಚ್ಛೆಯಿಂದ, ಒಂದು ನೆಲೆಯಾದ ಉದ್ದೇಶಕ್ಕೆ, ಆಗೀಗಿನ ಗೈರು ಬಿಟ್ಟು ಎಂದಿನಂತೆ ಅಲ್ಲಿ ವಾಸಿಸುವುದು ಎಂಬುದು ಅದರ ಸಾರ. ತೆರಿಗೆ ಇಲಾಖೆಯ ‘ರೆಸಿಡೆಂಟ್’ ಬೇರೆ, ಇದು ಬೇರೆ. ಎರಡನ್ನೂ ಬೆರೆಸಿ ಪತ್ರ ಬರೆಯಬೇಡಿ.

ಮಂಜಿನೂರು:

ಮೇಲಿನವರು ಹೇಳಿದ್ದು ಸರಿ. ಸೋಲುವುದು ಎಲ್ಲಿ ಎಂದರೆ ದಾಖಲೆಯಲ್ಲಿ.

ಪ್ರಶ್ನಾವಳಿಯಲ್ಲಿ ‘ಕಾರಣ: ತಂದೆಯ ಕೆಲಸ’ ಎಂದು ಒಂದು ಸಾಲು ಬರೆದು ಕಳಿಸಿದರೆ ಓವರ್‌ಸೀಸ್ ಎಂದೇ ವಾಪಸ್ ಬರುತ್ತದೆ. ಮೊದಲ ಎರಡು ವರ್ಷದ ಕರಾರು, ಮುಂದುವರಿಕೆಯ ಪತ್ರ, ಕೊನೆಯ ನಾಲ್ಕು ತಿಂಗಳ ಪತ್ರ, ಮೂರೂ ಬೇಕು. ಮೂರನೆಯದೇ ಜೀವಾಳ, ಯಾಕೆಂದರೆ ಕೊರತೆ ಬಿದ್ದ ತಿಂಗಳುಗಳು ಅದರೊಳಗೇ ಇವೆ. ಇಮೇಲ್‌ನಲ್ಲಷ್ಟೇ ವಿಸ್ತರಿಸಿದ್ದರೆ ಈಗಲೇ ಎಚ್‌ಆರ್‌ನಿಂದ ಲೆಟರ್‌ಹೆಡ್ ಮೇಲೆ ಪತ್ರ ತನ್ನಿ. ಅದರಲ್ಲಿ ಹೋದ ದಿನ, ಬಂದ ದಿನ, ಪ್ರತಿ ಅವಧಿ ನಿಗದಿತ ಕಾಲದ್ದು ಎಂಬ ಮಾತು, ಮುಗಿದ ಮೇಲೆ ಯುಕೆಯ ಹುದ್ದೆಗೆ ಮರಳುವ ಏರ್ಪಾಡು ಇತ್ತು ಎಂಬುದು ಇರಲಿ. ‘ಎಂದಿನಿಂದ ಎಂದಿನವರೆಗೆ ನಮ್ಮ ನೌಕರರು’ ಎಂಬ ಸಾಮಾನ್ಯ ಸರ್ವಿಸ್ ಸರ್ಟಿಫಿಕೇಟ್ ಪ್ರಯೋಜನಕ್ಕೆ ಬರಲ್ಲ.

ಮನೆ ಮಾರದೆ ಇದ್ದದ್ದು ನಿಮ್ಮ ಪರವಾಗಿದೆ. ಬಾಡಿಗೆ ಕರಾರುಗಳು ಸಣ್ಣ ಅವಧಿಯವಾಗಿದ್ದರೆ ಇನ್ನೂ ಒಳ್ಳೆಯದು. ಮಾರ್ಟ್‌ಗೇಜ್ ಸ್ಟೇಟ್‌ಮೆಂಟ್, ಚಾಲ್ತಿಯಲ್ಲಿದ್ದ ಬ್ಯಾಂಕ್ ಖಾತೆ, ರಜೆಗೆ ಬಂದುಹೋದ ಟಿಕೆಟ್‌ಗಳು, ಬಂದಮೇಲೆ ಶಾಲೆಗೆ ಸೇರಿಸಿದ ಪತ್ರ, ಜಿಪಿ (ಮನೆ ವೈದ್ಯರ) ನೋಂದಣಿ, ಕೌನ್ಸಿಲ್ ಟ್ಯಾಕ್ಸ್ ಬಿಲ್ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ, ಮೇಲೆ ಒಂದು ಪುಟದ ಕಾಲಸೂಚಿ ಇಡಿ. ಹೊರಡುವಾಗ ತೆರಿಗೆ ಇಲಾಖೆಗೆ ಪಿ85 (ದೇಶ ಬಿಡುವವರ ಫಾರಂ) ತುಂಬಿದ್ದರೆ ಅದರ ಪ್ರತಿ ಹುಡುಕಿ ಓದಿಕೊಳ್ಳಿ. ಅಲ್ಲಿ ಮರಳುವ ಯೋಚನೆಯಿಲ್ಲ ಎಂಬರ್ಥ ಬರುವಂತೆ ಬರೆದು, ಇಲ್ಲಿ ತಾತ್ಕಾಲಿಕ ಎಂದರೆ ಎರಡು ಮಾತಾಗುತ್ತದೆ.

ಇನ್ನೊಂದು: ಫೀ ಸ್ಟೇಟಸ್ ನಿರ್ಧರಿಸುವುದು ಯೂನಿವರ್ಸಿಟಿ, 2007ರ ಶುಲ್ಕ ನಿಯಮಗಳ ಮೇಲೆ. ಸಾಲ ನಿರ್ಧರಿಸುವುದು ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್, 2011ರ ನಿಯಮಗಳ ಮೇಲೆ. ಪರೀಕ್ಷೆ ಹೆಚ್ಚುಕಡಿಮೆ ಒಂದೇ, ಮೇಜು ಎರಡು. ಯೂನಿವರ್ಸಿಟಿ ಹೋಮ್ ಎಂದ ಮಾತ್ರಕ್ಕೆ ಸಾಲ ಬರುತ್ತದೆ ಎಂದು ನಂಬಿ ಕೂರಬೇಡಿ. ಅದೇ ಕಡತವನ್ನು ಎರಡೂ ಕಡೆ, ಒಂದೇ ತಾರೀಖುಗಳೊಂದಿಗೆ ಕೊಡಿ.

ಕಡತವಾಸಿ:

ಒಂದು ಮಾತು ಬಿಟ್ಟುಹೋಗಿತ್ತು, ದುಬಾರಿ ತಪ್ಪಾಗುವುದು ಅಲ್ಲೇ. ‘ಸದ್ಯಕ್ಕೆ ಓವರ್‌ಸೀಸ್ ಆಗಿ ಸೇರೋಣ, ಡಿಸೆಂಬರ್‌ಗೆ ಮೂರು ವರ್ಷ ತುಂಬುತ್ತಲ್ಲ, ಆಗ ಹೋಮ್‌ಗೆ ಬದಲಾಯಿಸಿಕೊಳ್ಳೋಣ’ ಎಂದುಕೊಂಡರೆ ಕೆಟ್ಟಿತು. ಮೊದಲ ದಿನ ಏನಿತ್ತೋ ಅದೇ ಇಡೀ ಕೋರ್ಸಿಗೆ. ಓದುತ್ತಾ ಇರುವಾಗ ಮೂರು ವರ್ಷ ತುಂಬಿದ್ದಕ್ಕೆ ಸ್ಟೇಟಸ್ ಬದಲಾಗುವುದಿಲ್ಲ.

ದಾಖಲೆ ಸಾಲದೆ ಹೋದರೆ ಎರಡು ದಾರಿ. ಒಂದು, ಆಫರ್ ಅನ್ನು 2027ರ ಸೆಪ್ಟೆಂಬರ್‌ಗೆ ಮುಂದೂಡುವುದು. ಆಗ 2024ರ ಸೆಪ್ಟೆಂಬರ್ 1ರಿಂದ ಎಣಿಕೆ, ದುಬೈ ವಿಚಾರವೇ ಬರುವುದಿಲ್ಲ. ಇನ್ನೊಂದು, 2027ರ ಜನವರಿಯಲ್ಲಿ ನಿಜಕ್ಕೂ ಶುರುವಾಗುವ ಕೋರ್ಸ್. ಅದಕ್ಕೆ 2024ರ ಜನವರಿ 1ರಿಂದ ಎಣಿಕೆ. ನೀವು ಅದಕ್ಕೆ ಹದಿನೆಂಟು ದಿನ ಮೊದಲೇ ಬಂದಿದ್ದೀರಿ. ಜನವರಿ ಪ್ರವೇಶ ಎಲ್ಲ ವಿಷಯಕ್ಕೂ ಇರುವುದಿಲ್ಲ, ಇರುವ ಕಡೆಯೂ ಸೀಟು ಕಡಿಮೆ. ಮುಂದೂಡಿದರೆ ಹೊಸ ತಾರೀಖಿಗೆ ಫೀ ಸ್ಟೇಟಸ್ ಮರುಪರಿಶೀಲಿಸಿ ಎಂದು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ತುಂಗಾತೀರ:

ಇಬ್ಬರಿಗೂ ತುಂಬಾ ಧನ್ಯವಾದ. ನಾಲ್ಕು ತಿಂಗಳ ಪತ್ರ ಇಮೇಲ್‌ನಲ್ಲೇ ಇದೆ, ಎಚ್‌ಆರ್‌ಗೆ ಇವತ್ತೇ ಬರೆಯುತ್ತೇವೆ.

ಇದಕ್ಕೇ ಸೇರಿದ ಇನ್ನೊಂದು ಪ್ರಶ್ನೆ. ಅಕ್ಕನ ಮಗ ಇಲ್ಲೇ ಹುಟ್ಟಿದವನು, ಬ್ರಿಟಿಷ್ ಪಾಸ್‌ಪೋರ್ಟ್. ಆರನೇ ವಯಸ್ಸಿಗೆ ಮೈಸೂರಿಗೆ ಹೋದ, ಅಕ್ಕ ಭಾವ ಅಲ್ಲೇ ಖಾಯಂ. ಈಗ ನಮ್ಮ ಮನೆಯಲ್ಲಿದ್ದು ಎ-ಲೆವೆಲ್ (ನಮ್ಮ ಪಿಯುಸಿಯಂಥದ್ದು) ಓದಿದರೆ ಮುಂದೆ ಹೋಮ್ ಆಗುತ್ತಾನಾ?

ಮಂಜಿನೂರು:

ಆಗಲ್ಲ. ಎ-ಲೆವೆಲ್ ಎರಡೇ ವರ್ಷ ಎಂಬುದು ಚಿಕ್ಕ ಕಾರಣ. ದೊಡ್ಡ ಕಾರಣ, ಆ ಮೂರು ವರ್ಷದ ಯಾವ ಭಾಗವೂ ಸಂಪೂರ್ಣವಾಗಿ ಅಥವಾ ಮುಖ್ಯವಾಗಿ ಪೂರ್ಣಾವಧಿ ಓದಿಗಾಗಿ ಇರುವ ವಾಸವಾಗಿರಬಾರದು. ಅವರು ಹಾಕುವ ಪ್ರಶ್ನೆ ಇದು: ಓದು ಇಲ್ಲದಿದ್ದರೆ ಈ ಹುಡುಗ ಎಲ್ಲಿರುತ್ತಿದ್ದ? ಮೈಸೂರಿನಲ್ಲಿ ಎಂಬುದೇ ಪ್ರಾಮಾಣಿಕ ಉತ್ತರವಾದರೆ, ಚಿಕ್ಕಮ್ಮನ ಮನೆಯಲ್ಲಿದ್ದರೂ ಹಾಸ್ಟೆಲ್‌ನಲ್ಲಿದ್ದರೂ ಒಂದೇ. ತಾತ್ಕಾಲಿಕ ಉದ್ಯೋಗದ ವಾದವೂ ಇಲ್ಲಿ ನಿಲ್ಲದು, ತಂದೆ ತಾಯಿ ಖಾಯಂ ಎಂದು ನೀವೇ ಹೇಳಿದಿರಿ.

ನಿಮ್ಮ ಮಗಳೂ ಎ-ಲೆವೆಲ್ ಓದುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಅವಳು ಇಲ್ಲಿರುವುದು ಮನೆಯೇ ಇಲ್ಲಿರುವುದರಿಂದ. ಶಾಲೆ ಮುಚ್ಚಿದರೂ ಅವಳ ಮನೆ ರೆಡಿಂಗ್‌ನಲ್ಲೇ.

ಹುಡುಗನಿಗೆ ಉಳಿಯುವುದು ಓದು ಮುಗಿಸಿ, ಇಲ್ಲೇ ಕೆಲಸಕ್ಕೆ ಸೇರಿ, ಮೂರು ವರ್ಷ ತುಂಬಿದ ಮೇಲೆ ಡಿಗ್ರಿಗೆ ಹೋಗುವ ದಾರಿ. ಪೇಸ್ಲಿಪ್, ಬಾಡಿಗೆ ಕರಾರು ಇದ್ದರೆ ಗಟ್ಟಿ. ಹದಿನೆಂಟರ ಹುಡುಗನಿಗೆ ಹಿತವಾದ ಸಲಹೆ ಅಲ್ಲ, ಗೊತ್ತು.

ಲೆಕ್ಕದ ಪುಸ್ತಕ:

ದುಡ್ಡಿನ ಕಡೆ ಯಾರೂ ಬರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡ್‌ನಲ್ಲಿ ಹೋಮ್ ವಿದ್ಯಾರ್ಥಿಯ ಫೀಗೆ ಸರ್ಕಾರದ ಮಿತಿ ಇದೆ, 2025-26ರಲ್ಲಿ 9,535 ಪೌಂಡ್. ಓವರ್‌ಸೀಸ್ ಫೀಗೆ ಮಿತಿಯೇ ಇಲ್ಲ, ಯೂನಿವರ್ಸಿಟಿ ಹಾಕಿದ್ದೇ ರೇಟು. ಫೀ ಸಾಲಕ್ಕೆ ಮನೆಯ ಆದಾಯ ನೋಡುವುದಿಲ್ಲ, ಅದು ನೇರ ಯೂನಿವರ್ಸಿಟಿಗೆ ಹೋಗುತ್ತದೆ.

ಖರ್ಚಿನ ಸಾಲ, ಅಂದರೆ ಮೇಂಟೆನೆನ್ಸ್ ಲೋನ್, ಆದಾಯಕ್ಕೆ ಕಟ್ಟಿಬಿದ್ದದ್ದು. 2025-26ರ ಗರಿಷ್ಠ: ಮನೆಯಿಂದ ಹೋಗಿಬರುವವರಿಗೆ 8,877 ಪೌಂಡ್, ಲಂಡನ್ ಹೊರಗೆ ಇದ್ದು ಓದುವವರಿಗೆ 10,544, ಲಂಡನ್‌ನಲ್ಲಿ 13,762. ಪೂರ್ತಿ ಸಿಗುವುದು ಮನೆಯ ಆದಾಯ ವರ್ಷಕ್ಕೆ 25,000 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ. ಮೇಲೆ ಹೋದಂತೆ ಇಳಿಯುತ್ತದೆ.

ಹೊರದೇಶದಿಂದ ಮರಳಿದವರು ಎಡವುವುದು ಇಲ್ಲಿ. 2026-27ರ ಅರ್ಜಿಗೆ ನೋಡುವುದು 2024-25ರ ತೆರಿಗೆ ವರ್ಷದ ಆದಾಯ. ನಿಮಗೆ ಅದು ಪೂರ್ತಿ ಯುಕೆ ಆದಾಯ, ತೊಂದರೆಯಿಲ್ಲ. 2025ರಲ್ಲಿ ಮರಳಿದವರಿಗೆ ಆ ವರ್ಷದ ಗಲ್ಫ್ ಸಂಬಳವೇ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಆದಾಯ ತೆರಿಗೆ ಇರಲಿಲ್ಲ ಎಂದರೆ ಸಂಬಳವನ್ನು ಬಿಟ್ಟುಬಿಡಬಹುದು ಎಂದಲ್ಲ. ಈಗಿನ ವರ್ಷದ ಆದಾಯ ಕನಿಷ್ಠ 15 ಶೇಕಡಾ ಕುಸಿದಿದ್ದರೆ, ಈ ವರ್ಷದ ಅಂದಾಜಿನ ಮೇಲೆ ಲೆಕ್ಕಹಾಕಿ ಎಂದು ಕೇಳಬಹುದು. ಆದಾಯದ ವಿವರವನ್ನೇ ಕೊಡದೆ ತಳಮಟ್ಟದ ಮೊತ್ತವಷ್ಟೇ ಸಾಕು ಎನ್ನಲೂ ಅವಕಾಶ ಇದೆ.

ಮರುಪಾವತಿ ಪ್ಲಾನ್ 5: ಆದಾಯದಲ್ಲಿ ವರ್ಷಕ್ಕೆ 25,000 ಪೌಂಡ್ ಮೀರಿದ ಭಾಗದ ಮೇಲೆ 9 ಶೇಕಡಾ, 40 ವರ್ಷದ ಮೇಲೆ ಮಿಕ್ಕದ್ದು ಮನ್ನಾ. ಮಗಳು ಮುಂದೆ ಮತ್ತೆ ಹೊರದೇಶಕ್ಕೆ ಕೆಲಸಕ್ಕೆ ಹೋದರೆ ಮಿತಿ ಆ ದೇಶಕ್ಕೆ ತಕ್ಕಂತೆ ಬದಲಾಗುತ್ತದೆ, ಸಾಲ ಮಾತ್ರ ಬೆನ್ನು ಬಿಡುವುದಿಲ್ಲ.

ಕಡತವಾಸಿ:

ಈ ಚರ್ಚೆ ಓದುವ ಬೇರೆಯವರಿಗೆ ಎರಡು ಮಾತು. ಯುರೋಪಿನ ಆರ್ಥಿಕ ವಲಯ ಅಥವಾ ಸ್ವಿಟ್ಜರ್‌ಲೆಂಡ್‌ನಲ್ಲಿ 2020ರ ಡಿಸೆಂಬರ್ 31ಕ್ಕೆ ನೆಲೆಸಿದ್ದ ಬ್ರಿಟಿಷ್ ಪ್ರಜೆಗಳಿಗೆ ಬ್ರೆಕ್ಸಿಟ್ ನಂತರದ ರಿಯಾಯಿತಿ ಇದೆ. ಅಲ್ಲಿದ್ದ ಕಾಲವೂ ಮೂರು ವರ್ಷಕ್ಕೆ ಸೇರುತ್ತದೆ, ಆದರೆ ಕೋರ್ಸ್ 2028ರ ಜನವರಿ 1ರೊಳಗೆ ಶುರುವಾಗಬೇಕು. ದುಬೈ, ಸಿಂಗಪುರ, ಬೆಂಗಳೂರಿಗೆ ಇದು ಅನ್ವಯಿಸದು.

ಸ್ಕಾಟ್ಲೆಂಡ್‌ನಲ್ಲಿ ವಿದ್ಯಾರ್ಥಿಗಳ ಹಣಕ್ಕೆ ಎಸ್‌ಎಎಎಸ್ ಎಂಬ ಬೇರೆ ಸಂಸ್ಥೆ, ಶರತ್ಕಾಲದ ಕೋರ್ಸಿಗೆ ಅವರ ತಾರೀಖು ಆಗಸ್ಟ್ 1. ಅಲ್ಲಿಯವರೇ ಆದ ವಿದ್ಯಾರ್ಥಿಯ 1,820 ಪೌಂಡ್ ಫೀಯನ್ನು ಅವರೇ ಕಟ್ಟುತ್ತಾರೆ. ಆದರೆ ಓದಲೆಂದೇ ರೆಡಿಂಗ್‌ನಿಂದ ಎಡಿನ್‌ಬರೋಗೆ ಹೋದವರಿಗೆ ಅದು ಸಿಗದು. ಅವರು ಇಂಗ್ಲೆಂಡ್‌ನ ಸ್ಟೂಡೆಂಟ್ ಫೈನಾನ್ಸ್‌ಗೇ ಅರ್ಜಿ ಹಾಕಬೇಕು. ಅಲ್ಲಿ ಆನರ್ಸ್ ಡಿಗ್ರಿ ಸಾಮಾನ್ಯವಾಗಿ ನಾಲ್ಕು ವರ್ಷ ಎಂಬುದೂ ನೆನಪಿರಲಿ.

ತುಂಗಾತೀರ ಮೇಡಂ, ಮಗಳಿಗೆ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬಂದಿದೆಯಾ ನೋಡಿ. ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಸರ್ಕಾರ ಕೊಡುವ ಭತ್ಯೆ) ಪಡೆಯುವ ಮನೆಯ ಮಕ್ಕಳಿಗೆ ಹದಿನಾರಕ್ಕೆ ಸ್ವಲ್ಪ ಮೊದಲು ಅದು ತಾನಾಗಿ ಅಂಚೆಯಲ್ಲಿ ಬರುತ್ತದೆ. ದುಬೈಗೆ ಹೋದಾಗ ಬೆನಿಫಿಟ್ ನಿಂತು, ಬಂದಮೇಲೆ ಮತ್ತೆ ಅರ್ಜಿ ಹಾಕದಿದ್ದರೆ ಬಂದಿರಲಿಕ್ಕಿಲ್ಲ. ಸಾಲದ ಅರ್ಜಿಯಲ್ಲಿ ಅದನ್ನು ಕೇಳುತ್ತಾರೆ. ಅರ್ಜಿಗೆ ಕೊನೆಯ ಗಡುವು ಶೈಕ್ಷಣಿಕ ವರ್ಷದ ಮೊದಲ ದಿನದಿಂದ ಒಂಬತ್ತು ತಿಂಗಳು, ಆದರೆ ನಿಮ್ಮಂಥ ಕಡತಕ್ಕೆ ಹೆಚ್ಚುವರಿ ದಾಖಲೆ ಕೇಳುವುದು ಖಚಿತ. ಎಚ್‌ಆರ್ ಪತ್ರ ಕೈಗೆ ಬಂದ ವಾರವೇ ಕಳಿಸಿ.